ಭಾವನ ಬ್ರಾಡ್‌ಬ್ಯಾಂಡು

ಮಲೆನಾಡಿನ ಜಗಲಿಯಲ್ಲಿ ಮಾತಿಗೆ ಒಂದು ಕ್ರಮ ಇತ್ತು. ಮೊದಲು ಕುಡಿಯಲು ಆಸರಿಗೆ, ಆಮೇಲೆ ಮಳೆ, ಆಮೇಲೆ ಅಡಿಕೆ ರೇಟು. 2020ರ ಲಾಕ್‌ಡೌನು ಆ ಕ್ರಮವನ್ನೇ ಕೆಡಿಸಿತು. ಬೆಂಗಳೂರಿನ ಮಕ್ಕಳೆಲ್ಲ ಲ್ಯಾಪ್‌ಟಾಪು ಕಂಕುಳಲ್ಲಿ ಇರುಕಿಕೊಂಡು ಊರಿಗೆ ಬಂದಿದ್ದೇ ಬಂದಿದ್ದು, ಅಲ್ಲಿಂದೀಚೆಗೆ ನೆಂಟರು ಕಾಲು ತೊಳೆಯುವ ಮೊದಲೇ ಕೇಳುವುದು, "ನಿಮ್ಮಲ್ಲಿ ನೆಟ್ಟು ಹೆಂಗೆ?" ಅಡಿಕೆ ರೇಟಿನ ವಿಷಯದಲ್ಲೂ ನೆಟ್ಟಿನ ವಿಷಯದಲ್ಲೂ ನಮ್ಮ ಕಡೆ ಯಾರೂ ನಿಜ ಹೇಳುವುದಿಲ್ಲ. ಎರಡು ಬರುವವನು ಎಂಟು ಅನ್ನುತ್ತಾನೆ. ನಿಜವಾಗಿ ಎಂಟು ಬರುವವನು "ಏನೋ, ಸುಮಾರು" ಅಂತ ರಾಗ ಎಳೆಯುತ್ತಾನೆ. ಹೇಳಿಬಿಟ್ಟರೆ ಪಕ್ಕದ ಮನೆ ಹುಡುಗರು ಜಗಲಿ ಬಿಟ್ಟು ಏಳುವುದಿಲ್ಲ ಎಂಬ ಭಯ.

ನಮ್ಮ ಭಾವ ಮಾತ್ರ ಸತ್ಯವಂತರು. ಕೇಳಿದವರಿಗೂ ಕೇಳದವರಿಗೂ ಖಚಿತ ಅಂಕಿ ಕೊಡುತ್ತಾರೆ. "ಬಿಲ್ಲಿನಲ್ಲಿ ಎಂಟು ಎಂಬಿಪಿಎಸ್. ಬರೋದು ಒಂದು ಪಾಯಿಂಟ್ ಆರು." ಬ್ಯಾಂಕ್ ಮ್ಯಾನೇಜರಾಗಿ ನಿವೃತ್ತರಾದವರು, ಲೆಕ್ಕದಲ್ಲಿ ಆರು ಪಾಯಿಂಟ್ ನಾಲ್ಕು ತಾಳೆಯಾಗದೆ ಉಳಿದರೆ ಅವರಿಗೆ ಅನ್ನ ಸೇರುವುದು ಹೇಗೆ? "ಉಳಿದದ್ದು ಎಲ್ಲಿ ಹೋತು? ಎಕ್ಸ್‌ಚೇಂಜಿನವರು ಪೇಟೆಯವರಿಗೆ ತಿರುಗಿಸ್ತಾ ಇದಾರೆ. ಅಲ್ಲ ಅಂತ ಹೇಳು ನೋಡೋಣ ಮಾರಾಯ."

ನಾನು ಅಲ್ಲ ಅಂತಲೇ ಹೇಳಿದೆ. ಹೇಳಿದ್ದಕ್ಕೆ ಶಿಕ್ಷೆಯಾಗಿ ಆಡಿಟ್ ಮಾಡುವ ಕೆಲಸ ನನ್ನ ತಲೆಗೆ ಬಿತ್ತು.

ಸಾಗರದ ಒಳಸೀಮೆಯ ಭಾವನ ಮನೆಗೆ ಫೈಬರ್ ಇನ್ನೂ ಬಂದಿಲ್ಲ. ಬರುವುದು ಹಳೆಯ ಲ್ಯಾಂಡ್‌ಲೈನಿನ ಎರಡೆಳೆ ತಾಮ್ರ. ಮೋಡೆಮ್ಮು ನಡುಮನೆಯ ಕಬ್ಬಿಣದ ಬೀರುವಿನ ತಲೆಯ ಮೇಲೆ ಕೂತಿತ್ತು. ಧೂಳು ಕೂರಬಾರದೆಂದು ಅಕ್ಕ ಅದಕ್ಕೊಂದು ಕ್ರೋಶಾ ಹೊದಿಕೆ ಹೆಣೆದು ಹೊದಿಸಿದ್ದಳು. ಮುಟ್ಟಿದರೆ ಜ್ವರ ಬಂದ ಮಗುವಿನ ಹಣೆ. ಹೊದಿಕೆ ತೆಗೆಸಿ, ಬೀರುವಿನಿಂದ ಇಳಿಸಿ, ಲ್ಯಾಪ್‌ಟಾಪಿಗೆ ನೇರ ವೈರು ಚುಚ್ಚಿ ನೋಡಿದ್ದು ಮೊದಲ ಕೆಲಸ. ಯಾಕೆಂದರೆ ಅರ್ಧಕ್ಕರ್ಧ ಜನ ತಂತಿಯನ್ನು ಬೈಯುವುದು ವೈಫೈ ಮಾಡಿದ ತಪ್ಪಿಗೆ. ಮೂರು ಮಣ್ಣಿನ ಗೋಡೆ, ಒಂದು ಬೀರು ದಾಟಿ ಅಡುಗೆಮನೆಗೆ ಹೋಗುವಷ್ಟರಲ್ಲಿ ವೈಫೈ ಸೋತು ಸುಣ್ಣವಾಗಿರುತ್ತದೆ. ಅದಕ್ಕೂ ಎಕ್ಸ್‌ಚೇಂಜಿಗೂ ಯಾವ ಸಂಬಂಧವೂ ಇಲ್ಲ. ಆದರೆ ವೈರು ಚುಚ್ಚಿದರೂ ಭಾವನ ಮನೆಯಲ್ಲಿ ಬಂದದ್ದು 1.6. ಭಾವ ಗೆದ್ದ ಮುಖ ಮಾಡಿದರು.

ಅಂದಹಾಗೆ ಅವರಿಗೆ ಇನ್ನೊಂದು ಕಹಿಸುದ್ದಿಯನ್ನೂ ಹೇಳಬೇಕಾಯಿತು. ನಮ್ಮ ದೇಶದಲ್ಲಿ 2004ರ ನೀತಿಯ ಪ್ರಕಾರ 256 ಕೆಬಿಪಿಎಸ್ ಬಂದರೆ ಅದು ಬ್ರಾಡ್‌ಬ್ಯಾಂಡು. 2013ರಲ್ಲಿ ಅದನ್ನು 512ಕ್ಕೆ ಏರಿಸಿದರು. 2023ರಿಂದ ಕನಿಷ್ಠ 2 ಎಂಬಿಪಿಎಸ್ ಇರಬೇಕು. ಅಂದರೆ ಭಾವನ ಮನೆಯದು 2022ರವರೆಗೆ ಬ್ರಾಡ್‌ಬ್ಯಾಂಡಾಗಿತ್ತು, ಈಗ ಬರೀ ಬ್ಯಾಂಡು.

ಸರಿ, ಆಡಿಟ್ಟಿಗೆ ಬರೋಣ. ಮೋಡೆಮ್ಮಿನ ಹೊಟ್ಟೆಯೊಳಗೆ ಒಂದು ಪುಟ ಇರುತ್ತದೆ. ಬ್ರೌಸರಿನಲ್ಲಿ ಸಾಮಾನ್ಯವಾಗಿ 192.168.1.1 ಎಂದು ಹೊಡೆದರೆ ತೆರೆದುಕೊಳ್ಳುತ್ತದೆ. ಅಲ್ಲಿ ಎರಡು ಅಂಕಿ ನೋಡಬೇಕು. ಒಂದು ಲೈನ್ ಅಟೆನ್ಯುಯೇಶನ್, ದಾರಿಯಲ್ಲಿ ಸಂಕೇತ ಎಷ್ಟು ಸೋರಿತು ಎಂಬ ಲೆಕ್ಕ. ಇನ್ನೊಂದು ಎಸ್‌ಎನ್‌ಆರ್ ಮಾರ್ಜಿನ್, ಗದ್ದಲದ ಮೇಲೆ ಸಂಕೇತಕ್ಕೆ ಉಳಿದಿರುವ ತಲೆ ಎತ್ತುವ ಜಾಗ. ಎರಡೂ ಡೆಸಿಬೆಲ್ಲಿನಲ್ಲಿ. ಸೋರಿಕೆ ಮೂವತ್ತರ ಒಳಗಿದ್ದರೆ ನೀವು ಪುಣ್ಯವಂತರು, ಅರವತ್ತು ದಾಟಿದರೆ ಪುಸ್ತಕ ಓದುವ ಹವ್ಯಾಸ ಬೆಳೆಸಿಕೊಳ್ಳುವುದು ಲೇಸು. ಭಾವನ ಲೈನಿನಲ್ಲಿ ತೋರಿಸಿದ್ದು 52.

"ಐವತ್ತೆರಡು ಅಂದ್ರೆ ಪಾಸ್ ಮಾರ್ಕು ಅಲ್ದಾ?" ಅಂದರು ಭಾವ.

ಡೆಸಿಬೆಲ್ಲಿನ ಚಾಲಾಕಿ ಅದೇ. ಹತ್ತು ಹತ್ತರ ಮೆಟ್ಟಿಲಿಗೆ ಶಕ್ತಿ ಹತ್ತನೇ ಒಂದು ಪಾಲಿಗೆ ಇಳಿಯುತ್ತದೆ. ಹತ್ತಕ್ಕೆ ಹತ್ತರಲ್ಲೊಂದು, ಇಪ್ಪತ್ತಕ್ಕೆ ನೂರರಲ್ಲೊಂದು, ಐವತ್ತೆರಡಕ್ಕೆ ಸುಮಾರು ಒಂದೂವರೆ ಲಕ್ಷದಲ್ಲೊಂದು. ಎಕ್ಸ್‌ಚೇಂಜಿನಿಂದ ಹೊರಟ ಶಕ್ತಿಯಲ್ಲಿ ಮನೆ ಮುಟ್ಟಿದ್ದು ಅಷ್ಟೇ. ಭಾವ ಸ್ವಲ್ಪ ಹೊತ್ತು ಲೆಕ್ಕ ಹಾಕಿ, "ಒಂದೂವರೆ ಲಕ್ಷ ಕೊಟ್ಟು ಒಂದು ರೂಪಾಯಿ ವಸೂಲು. ಇದಕ್ಕಿಂತ ಕೆಟ್ಟ ಸಾಲ ನಾನೇ ಮಂಜೂರು ಮಾಡಿದ್ದೆ" ಎಂದು ನಿಟ್ಟುಸಿರು ಬಿಟ್ಟರು.

ಈ ಸೋರಿಕೆಯ ದೊಡ್ಡ ಆರೋಪಿ ದೂರ. ಭಾವನ ತೋಟದಾಚೆಯ ಗುಡ್ಡ ಹತ್ತಿದರೆ ಎಕ್ಸ್‌ಚೇಂಜಿನ ಹೆಂಚು ಕಣ್ಣಿಗೇ ಕಾಣುತ್ತದೆ. "ಇಷ್ಟು ಹತ್ತಿರ!" ಎಂಬುದು ಅವರ ವಾದ. ಆದರೆ ತಂತಿ ಗುಡ್ಡ ಹತ್ತಿ ಬರುವುದಿಲ್ಲ. ಅದು ಎಕ್ಸ್‌ಚೇಂಜಿನಿಂದ ರಸ್ತೆ ಹಿಡಿದು, ಪಿಲ್ಲರ್ ಪೆಟ್ಟಿಗೆಗೆ ಹೋಗಿ, ಅಲ್ಲಿಂದ ಸೇತುವೆ ಬಳಸಿ, ಶಾಲೆ ಮುಂದಿನ, ಮನೆಮನೆಗೆ ಲೈನ್ ಹಂಚುವ ಡಿಪಿ ಪೆಟ್ಟಿಗೆ ಹೊಕ್ಕು, ಡ್ರಾಪ್ ವೈರಾಗಿ ತೋಟಕ್ಕೆ ಇಳಿಯುತ್ತದೆ. ಕಣ್ಣಿಗೆ ಎರಡು ಕಿಲೋಮೀಟರು, ತಂತಿಗೆ ನಾಲ್ಕು. ಅದರ ಮೇಲೆ ತಂತಿಯ ದಪ್ಪವೋ ಅರ್ಧ ಮಿಲಿಮೀಟರು. ಕೆಲವು ಕಡೆ 0.4 ಮಿಲಿಮೀಟರಿನದೂ ಇರುತ್ತದೆ. ತೆಳ್ಳಗಾದಷ್ಟೂ ನಷ್ಟ ಹೆಚ್ಚು.

ದೂರ ಎಂದರೆ ಎಲ್ಲವನ್ನೂ ಸಮನಾಗಿ ಕುಗ್ಗಿಸುತ್ತದೆ ಎಂದುಕೊಳ್ಳಬೇಡಿ. ನಾವು ಮಾತಾಡುವ ದನಿಗೆ 4 ಕಿಲೋಹರ್ಟ್ಸ್ ಸಾಕು. ಅದರ ಮೇಲಿನ ಜಾಗವೆಲ್ಲ ನೂರು ವರ್ಷ ಖಾಲಿ ಬಿದ್ದಿತ್ತು. ಎಡಿಎಸ್‌ಎಲ್ ಎಂಬ ಉಪಾಯ ಆ ಖಾಲಿ ಜಾಗಕ್ಕೇ ಕೈ ಹಾಕಿದ್ದು. ಎಡಿಎಸ್‌ಎಲ್ 2 ಪ್ಲಸ್ ಸುಮಾರು 2.2 ಮೆಗಾಹರ್ಟ್ಸ್‌ವರೆಗೆ ಹೋಗಿ, ಅಷ್ಟನ್ನೂ 512 ಪುಟ್ಟ ಪಟ್ಟಿಗಳಾಗಿ ಕೊಯ್ದು, ಒಂದೊಂದರಲ್ಲೂ ಕೈಲಾದಷ್ಟು ಬಿಟ್ ತುಂಬುತ್ತದೆ. ಎಲ್ಲ ಪಟ್ಟಿಯೂ ತುಂಬಿದರೆ 24 ಎಂಬಿಪಿಎಸ್. ಆದರೆ ಊರಾಚೆ ಜಾತ್ರೆ ನಡೆಯುವಾಗ ಮನೆಗೆ ಕೇಳುವುದು ಡೊಳ್ಳು ಮಾತ್ರ, ತಾಳದ ಕಿಣಿಕಿಣಿ ಅಲ್ಲೇ ಉಳಿಯುತ್ತದೆ ನೋಡಿ. ತಂತಿಯಲ್ಲೂ ಮೇಲಿನ ಕಂಪನಾಂಕಗಳು ಬೇಗ ಸಾಯುತ್ತವೆ, ಕೆಳಗಿನವು ಕುಂಟುತ್ತಾ ಮನೆ ಮುಟ್ಟುತ್ತವೆ. ಒಂದು ಕಿಲೋಮೀಟರಿನ ಒಳಗಿರುವವನಿಗೆ 512 ಪಟ್ಟಿಯ ಭೋಗ. ನಾಲ್ಕು ಕಿಲೋಮೀಟರಿನ ಭಾವನಿಗೆ ಮೇಲಿನ ಅರ್ಧ ಸಂಪೂರ್ಣ ಖಾಲಿ, ಕೆಳಗಿನ ಅರ್ಧದಲ್ಲೂ ಬಡತನ.

"ಹಂಗಾದ್ರೆ ನಾನು ಎಂಟಕ್ಕೆ ದುಡ್ಡು ಕೊಡೋದು ಯಾಕೆ?" ಎಂದರು. ಒಳ್ಳೆಯ ಪ್ರಶ್ನೆ. ಆಫೀಸಿನಲ್ಲಿ ಮಾರುವುದು ಪ್ಲಾನು, ತೋಟದಲ್ಲಿ ಬರುವುದು ತಂತಿ ಬಿಟ್ಟಷ್ಟು. ಇವೆರಡರ ನಡುವೆ ಕೂತು ಮಾತಾಡಿಸುವವರು ಯಾರೂ ಇಲ್ಲ, ಅದೇ ಈ ವ್ಯಾಪಾರದ ಸೊಗಸು.

ದೂರಕ್ಕೆ ಮದ್ದಿಲ್ಲ. ಆದರೆ 52 ಡೆಸಿಬೆಲ್ಲಿಗೂ 1.6 ತೀರಾ ಕಮ್ಮಿ. ನಾಲ್ಕರ ಹತ್ತಿರ ಬರಬೇಕಿತ್ತು. ಉಳಿದದ್ದನ್ನು ಯಾರು ತಿಂದರು ಎಂದು ಹುಡುಕಿದಾಗ ಕಳ್ಳರು ಸಿಕ್ಕಿದ್ದು ಎಕ್ಸ್‌ಚೇಂಜಿನಲ್ಲಲ್ಲ, ಭಾವನ ಮನೆಯೊಳಗೇ.

ಮೊದಲನೆಯವನು ಉಪ್ಪರಿಗೆಯ ಫೋನು. ಮಗಳ ಮದುವೆಯಲ್ಲಿ ಉಪ್ಪರಿಗೆಗೂ ಒಂದು ಫೋನ್ ಬೇಕೆನಿಸಿ, ಲೈಟಿಂಗ್ ಮಾಡಲು ಬಂದ ಹುಡುಗನ ಹತ್ತಿರ, ಸೀರಿಯಲ್ ಸೆಟ್ಟಿನಲ್ಲಿ ಉಳಿದ ವೈರಿನಿಂದಲೇ ಲೈನ್ ಎಳೆಸಿದ್ದರು. ಮದುವೆ ಮುಗಿಯಿತು, ಮಗಳು ಅಮೆರಿಕಕ್ಕೆ ಹೋದಳು, ಫೋನು ಕೆಟ್ಟಿತು, ವೈರು ಮಾತ್ರ ಗೋಡೆಯಲ್ಲೇ ಉಳಿಯಿತು. ಟೆಲಿಫೋನಿನ ಎರಡೆಳೆಯನ್ನು ಒಂದಕ್ಕೊಂದು ಹೊಸೆಯುವುದು ಚಂದಕ್ಕಲ್ಲ. ಹೊಸೆದಾಗ ಹೊರಗಿನ ಗದ್ದಲ ಎರಡೂ ಎಳೆಗೆ ಸಮನಾಗಿ ತಾಗಿ, ಒಂದನ್ನೊಂದು ಹೊಡೆದುಹಾಕುತ್ತದೆ. ಅಲೆಕ್ಸಾಂಡರ್ ಗ್ರಹಾಂ ಬೆಲ್ 1881ರಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದ. ಹೊಸೆಯದ ಸೀರಿಯಲ್ ಸೆಟ್ಟಿನ ವೈರು ಗದ್ದಲ ಹಿಡಿಯುವ ಆಂಟೆನಾ. ಸಾಲದ್ದಕ್ಕೆ ಅದರ ಆ ಕೊನೆಯಲ್ಲಿ ಏನೂ ಇಲ್ಲ. ಅಲ್ಲಿಯವರೆಗೆ ಹೋದ ಸಂಕೇತ ಗೋಡೆಗೆ ಬಡಿದು ವಾಪಸು ಬಂದು, ಹೊಸದಾಗಿ ಬರುತ್ತಿರುವ ಸಂಕೇತದ ಮೇಲೆಯೇ ಬೀಳುತ್ತದೆ. ಬರುವ ಪಟ್ಟಿಗಳಲ್ಲಿ ಒಂದಷ್ಟಕ್ಕೆ ಅಲ್ಲೇ ಸಮಾಧಿ. ಆ ವೈರನ್ನು ಬುಡದಲ್ಲಿ ಕತ್ತರಿಸಿದೆವು.

ಎರಡನೆಯವನು ಅಡುಗೆಮನೆಯ ಫೋನು. ಫೋನಿಗೂ ಮೋಡೆಮ್ಮಿಗೂ ನಡುವೆ ಸ್ಪ್ಲಿಟರ್ ಎಂಬ ಪುಟ್ಟ ಬಿಳಿ ಡಬ್ಬಿ ಇರಬೇಕು. ಅದು ಮಾತನ್ನು ಒಂದು ಕಡೆಗೆ, ಮಾಹಿತಿಯನ್ನು ಇನ್ನೊಂದು ಕಡೆಗೆ ಕಳಿಸುತ್ತದೆ. ಇಲ್ಲದಿದ್ದರೆ ಫೋನು ಸುಮ್ಮನೆ ನೇತಾಡುತ್ತಿದ್ದರೂ ಸಂಕೇತವನ್ನು ಕುಡಿಯುತ್ತದೆ. "ಡಬ್ಬಿ ಕೊಟ್ಟಿದ್ರಲ್ಲ?" ಎಂದು ಕೇಳಿದೆ. ಅಕ್ಕ ಕಪಾಟಿನ ಡ್ರಾಯರು ಎಳೆದಳು. ರಬ್ಬರ್ ಬ್ಯಾಂಡ್, ಮುಗಿದ ರೀಫಿಲ್ಲು, ಯಾವ ಬೀಗದ್ದೆಂದು ಗೊತ್ತಿಲ್ಲದ ಕೀಲಿಕೈಗಳ ನಡುವೆ, ಪ್ಲಾಸ್ಟಿಕ್ ಕೊಟ್ಟೆಯನ್ನೂ ಬಿಚ್ಚದೆ ಅದು ಮಲಗಿತ್ತು. "ಯಾವಾಗಾದ್ರೂ ಬೇಕಾಗ್ತು ಅಂತ ಜೋಪಾನ ಮಾಡಿಟ್ಟಿದ್ದಿ" ಅಂದಳು. ಜೋಪಾನದ ವಿಷಯದಲ್ಲಿ ಅಕ್ಕನನ್ನು ದೂರುವಂತಿಲ್ಲ.

ಡಬ್ಬಿ ಸಿಕ್ಕಿಸಿದೆ. ಇಷ್ಟಕ್ಕೇ ವೇಗ ಎರಡೂವರೆ ದಾಟಿತು. ಭಾವ ಮೊದಲ ಬಾರಿಗೆ ಎಕ್ಸ್‌ಚೇಂಜಿನ ಬಗ್ಗೆ ಅರ್ಧ ನಿಮಿಷ ಮೌನ ವಹಿಸಿದರು.

ಮೂರನೆಯದನ್ನು ಹಿಡಿದವಳು ಅಕ್ಕ. ಅವಳು ಒಂದು ದಿನ ಯಾರಿಗೂ ಹೇಳದ ಗುಟ್ಟು ಹೇಳುವವಳ ಹಾಗೆ, "ನಾನು ಲ್ಯಾಂಡ್‌ಲೈನಿನಲ್ಲಿ ಮಾತಾಡ್ತಾ ಇದ್ದಾಗ ನೆಟ್ಟು ಜೋರು ಬರ್ತು. ಇಟ್ಟ ಮೇಲೆ ಬಿದ್ದುಹೋಗ್ತು" ಎಂದಳು. ಭಾವ ನಕ್ಕರು. "ತಾಸುಗಟ್ಲೆ ಮಾತಾಡ್ಲಿಕ್ಕೆ ಇದೊಂದು ಹೊಸ ನೆಪ." ನಾನು ನಗಲಿಲ್ಲ. ಇದು ಲೈನ್‌ಮನ್‌ಗಳೆಲ್ಲ ಬಲ್ಲ ರೋಗಲಕ್ಷಣ. ಎಲ್ಲೋ ಒಂದು ಜಾಯಿಂಟಿಗೆ ನೀರು ಇಳಿದು, ತಾಮ್ರಕ್ಕೆ ಕಿಲುಬು ಕಟ್ಟಿರುತ್ತದೆ. ಫೋನು ಎತ್ತಿದಾಗ ಎಕ್ಸ್‌ಚೇಂಜಿನ 48 ವೋಲ್ಟು ಲೈನಿನಲ್ಲಿ ಕರೆಂಟು ಹರಿಸುತ್ತದೆ. ಆ ಕರೆಂಟು ಕಿಲುಬಿನ ತೆಳುಪೊರೆಯನ್ನು ಒಡೆದು ದಾರಿ ಮಾಡಿಕೊಡುತ್ತದೆ. ಫೋನ್ ಇಟ್ಟರೆ ದಾರಿ ಮತ್ತೆ ಮುಚ್ಚಿತು. ಇದರ ತಮ್ಮ ಇನ್ನೊಂದು ಲಕ್ಷಣ: ಫೋನು ರಿಂಗಾದ ಕೂಡಲೇ ನೆಟ್ಟು ಕಡಿದುಹೋಗುವುದು. ಎರಡರಲ್ಲಿ ಯಾವುದು ಕಂಡರೂ ಮೋಡೆಮ್ಮು ಬದಲಿಸುವ ಖರ್ಚಿಗೆ ಹೋಗಬೇಡಿ, ಜಾಯಿಂಟು ಹುಡುಕಿಸಿ.

ಲೈನ್‌ಮನ್ ಬಂದರು. ಸೊಂಟದಲ್ಲಿ ಟೆಸ್ಟ್ ಫೋನು, ಕೈಯಲ್ಲಿ ಕತ್ತಿ, ಯಾಕೆಂದರೆ ನಮ್ಮಲ್ಲಿ ಫೋನ್ ರಿಪೇರಿಯ ಮುಕ್ಕಾಲು ಪಾಲು ಬಳ್ಳಿ ಸವರುವುದು. ಡ್ರಾಪ್ ವೈರನ್ನು ಕಂಬಕ್ಕೆ ಕಟ್ಟುವ ಬದಲು ಅಡಿಕೆ ಮರದಿಂದ ಅಡಿಕೆ ಮರಕ್ಕೆ ಎಳೆದಿದ್ದರು. ಮರ ಗಾಳಿಗೆ ತೂಗಿದಾಗ ವೈರೂ ತೂಗಬೇಕು. ಮಂಗಗಳು ಅದರ ಮೇಲೆ ಸರ್ಕಸ್ಸು ಮಾಡುವುದು ಬೇರೆ. ಹಿಂದೊಮ್ಮೆ ಕಡಿದಾಗ ಯಾರೋ ಎರಡೆಳೆಯನ್ನೂ ಬರಿಗೈಯಲ್ಲಿ ತಿರುಚಿ, ಮೇಲೊಂದು ಪ್ಲಾಸ್ಟಿಕ್ ಚೀಲ ಸುತ್ತಿ, ಬಾಳೆನಾರಿನಿಂದ ಬಿಗಿದಿದ್ದರು. ಚೀಲ ಬಿಚ್ಚಿದರೆ ಒಳಗೆ ನೀರು, ನೀರಿನಲ್ಲಿ ಇರುವೆಯ ಮೊಟ್ಟೆ, ತಾಮ್ರ ಇದ್ದ ಜಾಗದಲ್ಲಿ ಹಸಿರು ಪುಡಿ. ಅಕ್ಕ ಬಗ್ಗಿ ನೋಡಿ, "ವರ್ಷಕ್ಕೆ ನಾಲ್ಕು ಸಲ ಹಂಡೆಗೆ ಹುಣಸೆಹಣ್ಣು ಹಾಕಿ ತಿಕ್ಕ್ತಿ. ಇದಕ್ಕೆ ಯಾರೂ ತಿಕ್ಕಲಿಲ್ಲೆ" ಎಂದು ತೀರ್ಪು ಕೊಟ್ಟು ಒಳಗೆ ಹೋದಳು. ಲೈನ್‌ಮನ್ ಹೊಸ ತಾಮ್ರ ಸಿಗುವವರೆಗೆ ಹಿಂದಕ್ಕೆ ಕತ್ತರಿಸಿ, ಜೆಲ್ಲಿ ತುಂಬಿದ ಕನೆಕ್ಟರು ಒತ್ತಿ ಕೂರಿಸಿದರು. ವೇಗ ಮೂರು ಮುಕ್ಕಾಲು.

ಎರಡೆಳೆಯಲ್ಲಿ ಒಂದು ಪೂರ್ತಿ ಕಡಿದರೆ ಇನ್ನೊಂದು ತಮಾಷೆ. ಫೋನು ಸತ್ತಿರುತ್ತದೆ, ನೆಟ್ಟು ಮಾತ್ರ ತೆವಳುತ್ತಾ ಬದುಕಿರುತ್ತದೆ. ಮಾತಿಗೆ ಕರೆಂಟಿನ ಪೂರ್ಣ ಸುತ್ತು ಬೇಕು. ಮೇಲಿನ ಕಂಪನಾಂಕದ ಸಂಕೇತ ಕಡಿದ ಜಾಗವನ್ನೂ ಅಷ್ಟಿಷ್ಟು ಹಾರಿ ದಾಟಬಲ್ಲದು. ನಂಬುವುದು ಕಷ್ಟ ಎನ್ನುವವರಿಗೆ ಇಂಗ್ಲೆಂಡಿನ ಒಂದು ಸಣ್ಣ ಇಂಟರ್ನೆಟ್ ಕಂಪನಿಯವರು 2017ರಲ್ಲಿ ಮಾಡಿದ ಕಿತಾಪತಿ ಹೇಳುತ್ತೇನೆ. ತಂತಿಯ ಬದಲು ಎರಡು ಮೀಟರು ದಾರವನ್ನು ಉಪ್ಪುನೀರಿನಲ್ಲಿ ಅದ್ದಿ, ಅದರ ಮೂಲಕ ಎಡಿಎಸ್‌ಎಲ್ ಹಾಯಿಸಿದರು. ಬಂದ ವೇಗ 3.5 ಎಂಬಿಪಿಎಸ್. ಇದನ್ನು ಭಾವನಿಗೆ ಹೇಳಿದ್ದು ನನ್ನ ಬುದ್ಧಿಗೇಡಿತನ. ಅವರು ಎಕ್ಸ್‌ಚೇಂಜಿಗೆ ಬರೆದ ಮುಂದಿನ ಅರ್ಜಿಯಲ್ಲಿ "ತಮ್ಮ ತಂತಿಯನ್ನು ತೆಗೆದು ಒದ್ದೆ ದಾರ ಹಾಕಿಸಿಕೊಡಬೇಕಾಗಿ ವಿನಂತಿ" ಎಂದು ಬರೆದರು. ದಕ್ಷಿಣ ಆಫ್ರಿಕಾದ ವಿನ್‌ಸ್ಟನ್ ಎಂಬ ಪಾರಿವಾಳದ ಕತೆ ಅವರಿಗೆ ಇನ್ನೂ ಹೇಳಿಲ್ಲ. 2009ರಲ್ಲಿ ಅದರ ಕಾಲಿಗೆ 4 ಜಿಬಿಯ ಮೆಮೊರಿ ಕಾರ್ಡು ಕಟ್ಟಿ ಡರ್ಬನ್ ಕಡೆಗೆ ಹಾರಿಸಿದರು. ಹಾರಿ, ಇಳಿದು, ಕಾರ್ಡಿನಲ್ಲಿದ್ದದ್ದನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳುವಷ್ಟಕ್ಕೂ ಸೇರಿ ಎರಡು ತಾಸು ಚಿಲ್ಲರೆ. ಅಷ್ಟು ಹೊತ್ತಿಗೆ ಎಡಿಎಸ್‌ಎಲ್ ಲೈನು ಕಳಿಸಿದ್ದು ನೂರಕ್ಕೆ ನಾಲ್ಕು ಪಾಲು. ಲೆಕ್ಕ ಹಾಕಿದರೆ ಪಾರಿವಾಳದ ವೇಗ ಸೆಕೆಂಡಿಗೆ ನಾಲ್ಕು ಮೆಗಾಬಿಟ್ಟಿನ ಮೇಲೆ. ಭಾವ ಪಾರಿವಾಳ ಸಾಕಲು ಹೊರಟರೆ ಅಕ್ಕ ನನ್ನನ್ನು ಬಿಡುವುದಿಲ್ಲ.

ಇನ್ನು ಉಳಿದದ್ದು ಸಂಜೆಯ ಕಾಟ. ಬೆಳಿಗ್ಗೆ ನೆಟ್ಟಗಿರುವ ನೆಟ್ಟು ಕತ್ತಲಾದ ಮೇಲೆ ಪದೇ ಪದೇ ಕಡಿಯುವುದು. ಸಂಜೆ ಊರೆಲ್ಲ ಧಾರಾವಾಹಿ ನೋಡಲು ಕೂತಾಗ ಎಕ್ಸ್‌ಚೇಂಜಿನಿಂದ ಆಚೆಗಿನ ದಾರಿ ಇಕ್ಕಟ್ಟಾಗುವುದು ಹೌದು. ಆದರೆ ಅದರಿಂದ ವೇಗ ಕುಗ್ಗುತ್ತದೆ, ಮೋಡೆಮ್ಮಿನ ಡಿಎಸ್‌ಎಲ್ ದೀಪ ಆರುವುದಿಲ್ಲ. ದೀಪ ಆರಿ ಮಿಣುಕಿದರೆ ಅದು ಗದ್ದಲದ ಕೆಲಸ. ಗದ್ದಲ ಎಂದರೆ ರೇಡಿಯೊ ಕೂಡ. ಆಕಾಶವಾಣಿಯ ಬೆಂಗಳೂರು 612 ಕಿಲೋಹರ್ಟ್ಸ್, ಭದ್ರಾವತಿ 675, ಧಾರವಾಡ 765 ಎಂದು ನಾವೆಲ್ಲ ಚಿಕ್ಕಂದಿನಲ್ಲಿ ಬಾಯಿಪಾಠ ಮಾಡಿದ್ದೆವಲ್ಲ, ಆ ಮೂರೂ ಎಡಿಎಸ್‌ಎಲ್ ಬಳಸುವ ಜಾಗದ ನಟ್ಟನಡುವೆಯೇ ಇವೆ. ಮರದಿಂದ ಮರಕ್ಕೆ ಎಳೆದ ಉದ್ದ ವೈರಿಗೆ ಮೀಡಿಯಂ ವೇವ್ ಹಿಡಿಯಲು ಯಾರ ಅಪ್ಪಣೆಯೂ ಬೇಡ. ರಾತ್ರಿ ಮೇಲಿನ ವಾತಾವರಣ ಈ ಅಲೆಗಳನ್ನು ಪ್ರತಿಫಲಿಸುವುದರಿಂದ ದೂರದೂರದ ನಿಲಯಗಳೂ ಬಂದು ಸೇರುತ್ತವೆ. ನಾವು ಹಿಂದೆ ರಾತ್ರಿ ಪರವೂರಿನ ನಿಲಯ ಕೇಳುತ್ತಿದ್ದದ್ದು ಹೀಗೆಯೇ. ಆಗ ಕೇಳಿ ಖುಷಿಪಟ್ಟದ್ದಕ್ಕೆ ಈಗ ಮೋಡೆಮ್ಮು ದಂಡ ಕಟ್ಟುತ್ತಿದೆ.

ಆದರೆ ಭಾವನ ಸಂಜೆಯ ಕಾಟಕ್ಕೆ ರೇಡಿಯೊ ಕಾರಣವಾಗಿರಲಿಲ್ಲ. ಫೋನೆತ್ತಿ ಒಂದು ಅಂಕಿ ಒತ್ತಿದರೆ ಡಯಲ್ ಟೋನ್ ನಿಂತು ಲೈನು ನಿಶ್ಶಬ್ದವಾಗಬೇಕು. ಸಂಜೆ ನಾನು ಒತ್ತಿ ಕೇಳಿದಾಗ ಸೆಕೆಂಡಿಗೊಂದರಂತೆ ಟಿಕ್, ಟಿಕ್, ಟಿಕ್. "ಭಾವ, ತೋಟಕ್ಕೆ ಸೋಲಾರ್ ಬೇಲಿ ಹಾಕಿಸಿದ್ದು ಯಾವಾಗ?" ಅಂದೆ. ಕಾಡುಹಂದಿ ಕಾಟಕ್ಕೆ ಹಾಕಿಸಿದ್ದರು, ಕತ್ತಲಾಗುತ್ತಿದ್ದಂತೆ ತಾವೇ ಕೈಯಾರೆ ಆನ್ ಮಾಡುತ್ತಿದ್ದರು. ಆ ಯಂತ್ರ ಬೇಲಿಗೆ ಕಳಿಸುವುದು ಸಾವಿರಾರು ವೋಲ್ಟಿನ ಮಿಡಿತ. ಮಳೆಗಾಲದ ಹುಲ್ಲು ಬೆಳೆದು ಬೇಲಿಯ ತಂತಿಗೆ ತಾಗಿದಲ್ಲೆಲ್ಲ ಕಿಡಿ, ಪ್ರತಿ ಕಿಡಿಯೂ ಪಕ್ಕದಲ್ಲೇ ಹಾದುಹೋದ ಫೋನ್ ವೈರಿಗೆ ಒಂದು ಗುದ್ದು. ಹಂದಿಗೆ ಅಷ್ಟಾಗಿ ತಾಗಿತೋ ಇಲ್ಲವೋ, ಮೋಡೆಮ್ಮಿಗಂತೂ ಸರಿಯಾಗಿ ತಾಗಿತ್ತು.

ಭಾವ ನಾಚಿಕೊಳ್ಳುವ ಕಾರಣವಿಲ್ಲ. ವೇಲ್ಸಿನ ಅಬರ್‌ಹೋಸನ್ ಎಂಬ ಹಳ್ಳಿಯಲ್ಲಿ ಒಂದೂವರೆ ವರ್ಷ ಪ್ರತಿದಿನ ಬೆಳಿಗ್ಗೆ ಏಳಕ್ಕೆ ಊರಿಡೀ ನೆಟ್ಟು ಕೈಕೊಡುತ್ತಿತ್ತು. ಕೇಬಲ್ಲು ಬದಲಿಸಿದರು, ಪ್ರಯೋಜನವಾಗಲಿಲ್ಲ. ಕೊನೆಗೆ ಎಂಜಿನಿಯರುಗಳು ಗದ್ದಲ ಹಿಡಿಯುವ ಯಂತ್ರ ಹಿಡಿದು ಬೆಳಗಿನ ಮಳೆಯಲ್ಲಿ ಊರು ಸುತ್ತಿದರು. ಯಂತ್ರ ಒಂದು ಮನೆಯ ಮುಂದೆ ಕೂಗಿತು. ಆ ಮನೆಯವರು ಎದ್ದ ಕೂಡಲೇ ಹಚ್ಚುತ್ತಿದ್ದ ಹಳೆಯ ಸೆಕೆಂಡ್ ಹ್ಯಾಂಡ್ ಟಿವಿಯೇ ಕಳ್ಳ. 2020ರಲ್ಲಿ ಈ ಸುದ್ದಿ ಲೋಕಕ್ಕೆಲ್ಲ ಗೊತ್ತಾಯಿತು. ಪಾಪ, ಆ ಮನೆಯವರು ಇನ್ನೆಂದೂ ಅದನ್ನು ಹಚ್ಚುವುದಿಲ್ಲ ಎಂದು ಮಾತು ಕೊಟ್ಟರಂತೆ. ನಮ್ಮ ಭಾವ ಅಂಥ ಮಾತೇನೂ ಕೊಡಲಿಲ್ಲ. ಆಳು ಕರೆಸಿ ಬೇಲಿಯ ಬುಡದ ಹುಲ್ಲು ಸವರಿಸಿದರು. ಟಿಕ್ ಟಿಕ್ ಕ್ಷೀಣವಾಯಿತು, ದೀಪ ಆರುವುದು ನಿಂತಿತು.

ಈಗ ಅವರಿಗೆ ನಾಲ್ಕಕ್ಕೆ ಸ್ವಲ್ಪ ಕಮ್ಮಿ ಬರುತ್ತದೆ. ಉಳಿದ ನಾಲ್ಕನ್ನು ಡೈರಿಯಲ್ಲಿ "ದೂರದ ಬಾಬ್ತು, ರೈಟ್ ಆಫ್" ಎಂದು ಬರೆದು ಸಹಿ ಹಾಕಿದ್ದಾರೆ. ನಡುವೆ ಒಮ್ಮೆ, "ನಾಲ್ಕು ಬಂದರೂ ಫೈಲು ಇಳಿಯೋದು ಸೆಕೆಂಡಿಗೆ ಅರ್ಧ ಎಂಬಿಗಿಂತ ಕಮ್ಮಿ" ಎಂದು ಹೊಸ ತಕರಾರು ತೆಗೆದಿದ್ದರು. ಕಂಪನಿ ಲೆಕ್ಕ ಹಾಕುವುದು ಬಿಟ್ಟಿನಲ್ಲಿ, ಕಂಪ್ಯೂಟರು ತೋರಿಸುವುದು ಬೈಟಿನಲ್ಲಿ. ಎಂಟು ಬಿಟ್ಟಿಗೆ ಒಂದು ಬೈಟು. ಮೇಲಾಗಿ ಪ್ರತಿ 53 ಬೈಟಿನ ಕಟ್ಟಿನಲ್ಲಿ 5 ಬೈಟು ಬರೀ ವಿಳಾಸಕ್ಕೇ ಹೋಗುತ್ತದೆ. ಇದನ್ನು ಕೇಳಿ ಅವರು, "ಅಂಚೆ ವೆಚ್ಚ ನಮ್ಮದೇ ಅನ್ನು" ಎಂದು ಒಪ್ಪಿಕೊಂಡರು. ಬ್ಯಾಂಕಿನವರಿಗೆ ಹೇಳುವ ಭಾಷೆಯಲ್ಲಿ ಹೇಳಿದರೆ ಏನನ್ನಾದರೂ ಒಪ್ಪುತ್ತಾರೆ.

ನಿಮ್ಮ ಮನೆಗೂ ಇನ್ನೂ ತಾಮ್ರವೇ ಬರುತ್ತಿದ್ದರೆ ಒಂದು ಮಾತು. ದೂರು ಕೊಡುವ ಮೊದಲು ಮನೆಯ ಫೋನುಗಳನ್ನೆಲ್ಲ ಕಿತ್ತು, ಲೈನು ಮನೆಯೊಳಗೆ ಬರುವ ಮೊದಲ ಪೆಟ್ಟಿಗೆಗೇ ಮೋಡೆಮ್ಮು ಸಿಕ್ಕಿಸಿ ನೋಡಿ. ವೇಗ ಏರಿದರೆ ತಪ್ಪು ಮನೆಯದು. ಏರದಿದ್ದರೆ ಫೋನ್ ಮಾಡಿ, ಆದರೆ "ನೆಟ್ ಸ್ಲೋ" ಎಂದಷ್ಟೇ ಹೇಳಿ ಇಡಬೇಡಿ. ಅಟೆನ್ಯುಯೇಶನ್ ಎಷ್ಟು, ಮಾರ್ಜಿನ್ ಎಷ್ಟು, ಮಳೆ ಬಂದಾಗ ಕಡಿಯುತ್ತದೋ ರಿಂಗಾದಾಗ ಕಡಿಯುತ್ತದೋ, ಫೋನೆತ್ತಿದರೆ ಕರಕರ ಇದೆಯೋ, ಇಷ್ಟು ಬರೆಸಿ. ಲೈನ್‌ಮನ್ ಸರಿಯಾದ ಮರದ ಹತ್ತಿರ ನೇರವಾಗಿ ಹೋಗುತ್ತಾರೆ. ಬಂದಾಗ ಒಂದು ಲೋಟ ಕಾಫಿ ಕೊಡಿ. ಮಳೆಯಲ್ಲಿ ಜಿಗಣೆ ಕಚ್ಚಿಸಿಕೊಂಡು ಬಂದಿರುತ್ತಾರೆ.